ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ: ಹಳೆಯ ಪಿಕಪ್ ಮತ್ತು ಹೊಸ ಇಂಜೆಕ್ಷನ್

ಅಮೆರಿಕದಲ್ಲಿ ಹಳೆಯ ಪಿಕಪ್‌ಗಳನ್ನು, ಅಂದರೆ ಮುಂದೆ ಕ್ಯಾಬಿನ್ನೂ ಹಿಂದೆ ತೆರೆದ ತೊಟ್ಟಿಯೂ ಇರುವ ಲಘು ಸರಕು ಗಾಡಿಗಳನ್ನು, ಕಾಪಾಡಿಕೊಂಡು ಓಡಿಸುವವರ ವಲಯದಲ್ಲಿ ಒಂದು ಮಾತು ಬಹುಕಾಲದಿಂದ ಚಲಾವಣೆಯಲ್ಲಿದೆ. ಹಳೆಯ ಗಾಡಿಗೆ ಕಾರ್ಬೊರೇಟರೇ ಸರಿ, ಅದಕ್ಕೆ ಕಂಪ್ಯೂಟರಿನ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಜೋಡಿಸಿದರೆ ನಡುದಾರಿಯಲ್ಲಿ ಕೈಕೊಡುವುದು ಖಂಡಿತ, ಏಕೆಂದರೆ ಎಲೆಕ್ಟ್ರಾನಿಕ್ಸ್ ಸ್ವಭಾವತಃ ನಾಜೂಕು, ಕೆಟ್ಟರೆ ಕಾರಣ ಕಾಣಿಸದು, ಕಾಣಿಸಿದರೂ ಸ್ಕ್ರೂಡ್ರೈವರ್ ಹಿಡಿದವನ ಕೈಗೆ ನಿಲುಕದು ಎಂಬುದೇ ಆ ಮಾತು. ಇದನ್ನು ಹೇಳುವವರಲ್ಲಿ ಬಹುಮಂದಿ ಸುಳ್ಳು ಹೇಳುತ್ತಿಲ್ಲ. ಅವರ ಗಾಡಿಗಳು ನಿಜಕ್ಕೂ ನಿಂತಿವೆ. ಆದರೆ ನಿಂತ ಗಾಡಿಯಿಂದ ಅವರು ತೆಗೆದ ತೀರ್ಮಾನ ತಪ್ಪು. ಇಂಥ ಗಾಡಿಗಳಲ್ಲಿ ಕೈಕೊಡುವುದು ಸಾಮಾನ್ಯವಾಗಿ ಕಂಪ್ಯೂಟರಲ್ಲ, ಇಂಜೆಕ್ಟರಲ್ಲ, ಸೆನ್ಸರ್ ಕೂಡ ಅಲ್ಲ. ಅವುಗಳಿಗೆ ಕರೆಂಟು ಒಯ್ಯುವ ಮತ್ತು ಅಲ್ಲಿಂದ ಅದನ್ನು ಬ್ಯಾಟರಿಗೆ ಹಿಂದಿರುಗಿಸುವ ನಾಲ್ಕಾರು ತಂತಿಗಳು.

ಈ ಅಪನಂಬಿಕೆಗೆ ಒಂದು ಇತಿಹಾಸವಿದೆ, ಮತ್ತು ಅದನ್ನು ಒಪ್ಪಿಕೊಳ್ಳದೆ ಖಂಡನೆಗೆ ಇಳಿಯುವುದು ನ್ಯಾಯವಲ್ಲ. ಬೆಂಡಿಕ್ಸ್ ಕಂಪನಿ 1950ರ ದಶಕದ ಕೊನೆಯಲ್ಲಿ ಎಲೆಕ್ಟ್ರೋಜೆಕ್ಟರ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆಯನ್ನು ಹೊರತಂದಾಗ ಕ್ರೈಸ್ಲರ್ ಅದನ್ನು 1958ರ ಮಾದರಿಯ ಕೆಲವೇ ಡಜನ್ ಕಾರುಗಳಿಗೆ ಹಾಕಿತು, ಅವುಗಳಲ್ಲಿ ಬಹುತೇಕವನ್ನು ಮರಳಿ ಕಾರ್ಬೊರೇಟರಿಗೆ ಬದಲಿಸಿಕೊಡಬೇಕಾಯಿತು. ಆ ಕಾಲದ ಬಿಡಿಭಾಗಗಳು ಬಾನೆಟ್ಟಿನಡಿಯ ಶಾಖಕ್ಕೂ ಅದುರುವಿಕೆಗೂ ತಾಳಿಕೊಳ್ಳುವಂಥವಾಗಿರಲಿಲ್ಲ. ಅದೇ ಬೆಂಡಿಕ್ಸ್ ಪೇಟೆಂಟುಗಳ ಆಧಾರದ ಮೇಲೆ ಜರ್ಮನಿಯ ಬಾಷ್ 1967ರಲ್ಲಿ ಡಿ-ಜೆಟ್ರಾನಿಕ್ ತಯಾರಿಸಿ, ಅಮೆರಿಕಕ್ಕೆ ಹೋಗುವ ಫೋಕ್ಸ್‌ವ್ಯಾಗನ್ 1600 ಕಾರುಗಳಿಗೆ ಅಳವಡಿಸಿ, ವಿಚಾರ ಸರಿಯಿತ್ತೆಂದು ತೋರಿಸಿಕೊಟ್ಟಿತು. ಆದರೆ ಪಿಕಪ್ ಓಡಿಸುವವರ ಮನಸ್ಸು ಕೆಟ್ಟದ್ದು ಇವೆರಡರಿಂದಲೂ ಅಲ್ಲ. ಹೊಗೆ ನಿಯಂತ್ರಣದ ಕಾನೂನು ಬಿಗಿಯಾಗುತ್ತಾ ಬಂದ 1980ರ ದಶಕದ ಆರಂಭದಲ್ಲಿ ತಯಾರಕರು ಹಳೆಯ ಕಾರ್ಬೊರೇಟರಿನ ಮೇಲೆಯೇ ಒಂದು ಕಂಪ್ಯೂಟರನ್ನು ಹೇರಿ, ಬಾನೆಟ್ಟಿನಡಿಯಲ್ಲೆಲ್ಲ ವ್ಯಾಕ್ಯೂಮ್ ಪೈಪುಗಳ ಜಾಲ ಹರಡಿ ಮಾರಿದ ಗಾಡಿಗಳು ನಿಜಕ್ಕೂ ತಲೆನೋವಾಗಿದ್ದವು. ಕಂಪ್ಯೂಟರ್ ಎಂದರೆ ಕಿರಿಕಿರಿ ಎಂಬ ಪಾಠವನ್ನು ಒಂದು ಇಡೀ ತಲೆಮಾರಿನ ಮೆಕ್ಯಾನಿಕ್ಕುಗಳು ಕಲಿತದ್ದು ಅಲ್ಲಿ. ಆ ಗಾಡಿಗಳಲ್ಲಿ ಇದ್ದದ್ದು ಇಂಜೆಕ್ಷನ್ನೇ ಅಲ್ಲ, ಇಂಜೆಕ್ಷನ್ನನ್ನು ಮುಂದೂಡಲು ಹೂಡಿದ ಉಪಾಯ ಎಂಬುದು ಮಾತ್ರ ಆ ಪಾಠದಲ್ಲಿ ಸೇರಲಿಲ್ಲ.

ಮುಂದೆ ಆದದ್ದು ತದ್ವಿರುದ್ಧ. ಜನರಲ್ ಮೋಟರ್ಸ್ 1987ರಲ್ಲಿ ತನ್ನ ಪಿಕಪ್‌ಗಳಿಗೆ ಥ್ರಾಟಲ್ ಬಾಡಿ ಇಂಜೆಕ್ಷನ್ ತಂದಿತು, ಅಂದರೆ ಕಾರ್ಬೊರೇಟರ್ ಕೂರುತ್ತಿದ್ದ ಜಾಗದಲ್ಲೇ ಗಾಳಿಯ ಬಾಯಿಯ ಮೇಲೆ ಎರಡು ಇಂಜೆಕ್ಟರುಗಳು ಪೆಟ್ರೋಲ್ ಚಿಮುಕಿಸುವ ಸರಳ ವ್ಯವಸ್ಥೆ. ಫೋರ್ಡ್ ಕೂಡ ಅದೇ ದಶಕದಲ್ಲಿ ಎಫ್-150ರ ಎಂಜಿನ್ನುಗಳನ್ನು ಒಂದೊಂದಾಗಿ ಇಂಜೆಕ್ಷನ್ನಿಗೆ ಬದಲಿಸಿತು. 1990ರ ದಶಕದ ಮಧ್ಯದ ಹೊತ್ತಿಗೆ ಅಲ್ಲಿನ ಹೊಸ ಪಿಕಪ್‌ಗಳಲ್ಲಿ ಕಾರ್ಬೊರೇಟರ್ ಉಳಿದಿರಲಿಲ್ಲ. 1999ರ ಮಾದರಿಯ ಶೆವರ್ಲೆ ಸಿಲ್ವರಾಡೊದೊಂದಿಗೆ ಬಂದ 4.8, 5.3 ಮತ್ತು 6.0 ಲೀಟರಿನ ವಿ-8 ಎಂಜಿನ್ನುಗಳು ಮಿನೆಸೋಟದ ಹಿಮದಲ್ಲೂ ಅರಿಜೋನದ ಬಿಸಿಲಲ್ಲೂ ರೈತರ, ಗುತ್ತಿಗೆದಾರರ ಕೈಯಲ್ಲಿ ಯಾವ ಮುಲಾಜೂ ಇಲ್ಲದೆ ದುಡಿದು, ಗಾಡಿಯ ಮೈ ತುಕ್ಕು ಹಿಡಿದು ಗುಜರಿ ಸೇರಿದ ಮೇಲೂ ಓಡುವ ಸ್ಥಿತಿಯಲ್ಲಿ ಉಳಿದವು. ಗುಜರಿಯಲ್ಲಿ ಅವು ಅಗ್ಗಕ್ಕೆ ಸಿಗುವುದರಿಂದಲೇ 1967ರಿಂದ 1972ರ ನಡುವಿನ ಶೆವರ್ಲೆ ಸಿ-10ರಂಥ ಗಾಡಿಗಳಿಗೆ ಅವನ್ನು ಕೂರಿಸುವ ರೂಢಿ ಬೆಳೆದಿದೆ. ಕಾರ್ಬೊರೇಟರ್ ಪಕ್ಷದವರು ಉತ್ತರಿಸಬೇಕಾದ ಪ್ರಶ್ನೆ ಇಲ್ಲೇ ಇದೆ. ಸಿಲ್ವರಾಡೊದಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಅದೇ ಎಂಜಿನ್, ಅದೇ ಕಂಪ್ಯೂಟರ್, ಅದೇ ಸೆನ್ಸರುಗಳು ಸಿ-10ಕ್ಕೆ ಬಂದ ಆರು ತಿಂಗಳಲ್ಲಿ ನಾಜೂಕಾದದ್ದು ಹೇಗೆ? ಕಂಪ್ಯೂಟರ್ ಬದಲಾಗಿಲ್ಲ, ಅದು ಹೊಕ್ಕ ಮನೆ ಬದಲಾಗಿದೆ.

ಆ ಮನೆಯ ಸ್ಥಿತಿಯನ್ನು ವಿವರವಾಗಿ ನೋಡಬೇಕು. ಪಾಯಿಂಟು (ಕಿಡಿಗಾಗಿ ಕಾಯಿಲಿನ ಕರೆಂಟನ್ನು ಕಡಿಯುವ ಸಂಪರ್ಕ), ಕಂಡೆನ್ಸರ್, ಕಾರ್ಬೊರೇಟರುಗಳ ಕಾಲದ ಪಿಕಪ್ಪಿನಲ್ಲಿ ಎಂಜಿನ್ ಓಡಲು ಬೇಕಿದ್ದ ವಿದ್ಯುತ್ತೆಂದರೆ ಇಗ್ನಿಷನ್ ಕಾಯಿಲಿಗೆ ಹೋಗುವ ಒಂದು ತಂತಿಯಷ್ಟೆ. ಪೆಟ್ರೋಲನ್ನು ಎಂಜಿನ್ನಿನಿಂದಲೇ ನಡೆಯುವ ಮೆಕ್ಯಾನಿಕಲ್ ಪಂಪು ಚದರ ಇಂಚಿಗೆ 4ರಿಂದ 7 ಪೌಂಡಿನಷ್ಟು ಒತ್ತಡದಲ್ಲಿ ಮೇಲಕ್ಕೆ ಕಳಿಸುತ್ತಿತ್ತು. 37 ಆಂಪಿಯರಿನ ಆಲ್ಟರ್ನೇಟರ್ ದೀಪಗಳಿಗೂ ಹೀಟರಿಗೂ ಸಾಕಾಗುತ್ತಿತ್ತು. ದೀಪ ಮಂಕಾದರೆ ಸಹಿಸಿಕೊಳ್ಳುತ್ತಿದ್ದರು, ವೈಪರ್ ನಿಧಾನವಾದರೆ ಬೈದು ಸುಮ್ಮನಾಗುತ್ತಿದ್ದರು, ಅರ್ಧ ವೋಲ್ಟ್ ಎಲ್ಲಿ ಸೋರಿಹೋಯಿತೆಂದು ಹುಡುಕುವ ಪ್ರಮೇಯವೇ ಇರಲಿಲ್ಲ. ಸಿಲ್ವರಾಡೊದ ಇಂಜೆಕ್ಷನ್ ಎಂಜಿನ್ನಿಗೆ ಬೇಕಾದ ಪೆಟ್ರೋಲಿನ ಒತ್ತಡ ಚದರ ಇಂಚಿಗೆ ಸುಮಾರು 58 ಪೌಂಡು, ಅದನ್ನು ಕೊಡುವ ಎಲೆಕ್ಟ್ರಿಕ್ ಪಂಪು ಒಂದೇ 8ರಿಂದ 10 ಆಂಪಿಯರ್ ಎಳೆಯುತ್ತದೆ. ಅದರ ಮೇಲೆ ಎಂಟು ಇಂಜೆಕ್ಟರು, ಎಂಟು ಕಾಯಿಲು, ಆಕ್ಸಿಜನ್ ಸೆನ್ಸರಿನ ಹೀಟರು, ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನು ಸೇರಿದರೆ ಹಳೆಯ ಆಲ್ಟರ್ನೇಟರ್ ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮೆಲ್ಲಗೆ ತಿರುಗುವಾಗ, ಕೊಡುವ ಕರೆಂಟು ಈ ಖರ್ಚಿಗೆ ಸಾಲದೆ ಬ್ಯಾಟರಿ ಕರಗತೊಡಗುತ್ತದೆ. ಸಿಗ್ನಲಿನಲ್ಲಿ ನಿಂತಾಗ ಎಂಜಿನ್ ನಡುಗಿ ಆರಿಹೋದರೆ ಕಂಪ್ಯೂಟರಿಗೆ ಬಿಸಿ ತಟ್ಟಿತು ಎನ್ನುವವರು, ಒಮ್ಮೆ ಮಲ್ಟಿಮೀಟರನ್ನು ಬ್ಯಾಟರಿಯ ಮೇಲಿಟ್ಟು ನೋಡುವಷ್ಟು ತಾಳ್ಮೆಯನ್ನೂ ತೋರಿರುವುದಿಲ್ಲ.

ವೈರಿಂಗ್ ಬಗ್ಗೆ ಇರುವ ಭಯವೂ ತಪ್ಪು ಜಾಗದಲ್ಲಿ ನಿಂತಿದೆ. 1999ರ ಕಾಲದ ಆ ಪಿಕಪ್ ಕಂಪ್ಯೂಟರಿಗೆ ತಲಾ 80 ಪಿನ್ನುಗಳ ಎರಡು ಕನೆಕ್ಟರುಗಳಿವೆ, ಒಂದು ನೀಲಿ, ಒಂದು ಕೆಂಪು. ಅದನ್ನು ಕಂಡವರು ಇಷ್ಟು ತಂತಿಗಳಲ್ಲಿ ಯಾವುದು ಕೆಟ್ಟಿತೆಂದು ಹುಡುಕುವುದು ಹೇಗೆ ಎಂದು ಹೌಹಾರುತ್ತಾರೆ. ವಾಸ್ತವದಲ್ಲಿ ಎಂಜಿನ್ನಿನ ಮೇಲೆ ಹರಡಿಕೊಂಡಿರುವ ಆ ತಂತಿಗಳ ಕಟ್ಟು, ಅಂದರೆ ಹಾರ್ನೆಸ್, ಕಾರ್ಖಾನೆಯಲ್ಲಿ ತಯಾರಾದದ್ದು. 125 ಡಿಗ್ರಿ ಶಾಖ ತಡೆಯುವ ಕ್ರಾಸ್‌ಲಿಂಕ್ಡ್ ಹೊದಿಕೆ, ನೀರು ನುಗ್ಗದ ರಬ್ಬರ್ ಸೀಲು, ಯಂತ್ರದಲ್ಲಿ ಒತ್ತಿದ ಟರ್ಮಿನಲ್ಲು, ಎಲ್ಲವೂ ಅದರಲ್ಲಿವೆ. ಅದು ಕೆಡುವುದು ಅಪರೂಪ. ಆ ಇಡೀ ಕಟ್ಟು ಹಳೆಯ ಗಾಡಿಯೊಂದಿಗೆ ಸೇರಬೇಕಾದದ್ದು ಮುಖ್ಯವಾಗಿ ನಾಲ್ಕೇ ಕಡೆ: ಸದಾ ಜೀವಂತವಿರುವ ಬ್ಯಾಟರಿ ತಂತಿ, ಕೀ ತಿರುಗಿಸಿದಾಗ ಜೀವ ಬರುವ ಇಗ್ನಿಷನ್ ತಂತಿ, ಪೆಟ್ರೋಲ್ ಪಂಪಿನ ರಿಲೇಗೆ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿಗೆ, ಹೋಗುವ ತಂತಿ, ಮತ್ತು ಅರ್ತ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ಹಿಂದಿರುಗುವ ದಾರಿ. ಜನ ಹೆದರುವುದು ಕಾರ್ಖಾನೆಯ ನೂರಕ್ಕೂ ಹೆಚ್ಚು ತಂತಿಗಳಿಗೆ. ಗಾಡಿ ನಿಲ್ಲುವುದು ಶನಿವಾರ ಸಂಜೆ ಅವಸರದಲ್ಲಿ ತಿರುಚಿ ಟೇಪು ಸುತ್ತಿದ ಈ ನಾಲ್ಕರಿಂದ.

ಇಗ್ನಿಷನ್ ತಂತಿಯನ್ನೇ ತೆಗೆದುಕೊಳ್ಳಬಹುದು. ಹಳೆಯ ಕಾಯಿಲಿನ ಪ್ಲಸ್ಸಿಗೆ ಬರುತ್ತಿದ್ದ ತಂತಿ ಕೈಗೆ ಸುಲಭವಾಗಿ ಸಿಗುತ್ತದೆ, ಕೀ ಹಾಕಿದಾಗ ಟೆಸ್ಟ್ ಲ್ಯಾಂಪ್ ಅದರಲ್ಲಿ ಉರಿಯುತ್ತದೆ, ಹಾಗಾಗಿ ಅನೇಕರು ಕಂಪ್ಯೂಟರಿಗೆ ಅದನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ತಂತಿ ಮಾಮೂಲಿ ತಂತಿಯಲ್ಲ, ರೆಸಿಸ್ಟೆನ್ಸ್ ತಂತಿ. ಪಾಯಿಂಟುಗಳು ಸುಟ್ಟುಹೋಗದಿರಲೆಂದು ಕಾರ್ಖಾನೆಯವರು ಬೇಕೆಂದೇ ವೋಲ್ಟೇಜನ್ನು 7ರಿಂದ 9ಕ್ಕೆ ಇಳಿಸಲು ಅದನ್ನು ಹಾಕಿದ್ದರು. ಟೆಸ್ಟ್ ಲ್ಯಾಂಪಿನ ಪುಟ್ಟ ಬಲ್ಬು ಎಳೆಯುವ ಕರೆಂಟು ಅತ್ಯಲ್ಪವಾದ್ದರಿಂದ ಅದು ಆ ತಂತಿಯಲ್ಲೂ ಪ್ರಕಾಶಮಾನವಾಗಿಯೇ ಉರಿಯುತ್ತದೆ. ಕಂಪ್ಯೂಟರು, ಕಾಯಿಲುಗಳು, ಇಂಜೆಕ್ಟರುಗಳು ಒಟ್ಟಿಗೆ ಎಳೆದಾಗ ಮಾತ್ರ ವೋಲ್ಟೇಜ್ ಕುಸಿಯುತ್ತದೆ. ಇನ್ನು ಕೆಲವರು ರೇಡಿಯೋಗೆ ಹೋಗುವ ಆ್ಯಕ್ಸೆಸರಿ ತಂತಿಯಿಂದ ಕವಲು ತೆಗೆಯುತ್ತಾರೆ. ಸೆಲ್ಫ್ ಹೊಡೆಯುವ ಹೊತ್ತಿಗೆ ಕೀ ಸ್ವಿಚ್ಚು ಆ ತಂತಿಯನ್ನು ಕಡಿದುಹಾಕುತ್ತದೆ, ಬ್ಯಾಟರಿಯ ಬಲವೆಲ್ಲ ಸೆಲ್ಫ್ ಮೋಟಾರಿಗೇ ಹೋಗಲೆಂದು. ಪರಿಣಾಮವಾಗಿ ಎಂಜಿನ್ ತಿರುಗುತ್ತಿರುವಾಗ ಕಂಪ್ಯೂಟರ್ ಸತ್ತಿರುತ್ತದೆ, ಕೀ ಬಿಟ್ಟ ಗಳಿಗೆಯಲ್ಲಿ ಎಚ್ಚರಗೊಳ್ಳುತ್ತದೆ, ಆ ಹೊತ್ತಿಗೆ ಎಂಜಿನ್ ನಿಂತಿರುತ್ತದೆ. ಅದೃಷ್ಟವಿದ್ದ ದಿನ ಉಳಿದ ವೇಗದಲ್ಲಿ ಒಮ್ಮೆ ಕೆಮ್ಮಿ ಹತ್ತಿಕೊಳ್ಳುತ್ತದೆ. ಬೆಳಗಿನ ಚಳಿಗೆ ಇಂಜೆಕ್ಷನ್ ಆಗಿಬರದು ಎಂಬ ದೂರಿನ ಹಿಂದೆ ಇಂಥ ಜೋಡಣೆಯೊಂದು ಅಡಗಿರುವುದು ಅಪರೂಪವಲ್ಲ. ಕೀಯನ್ನು ಸೆಲ್ಫ್ ಸ್ಥಾನದಲ್ಲಿ ಹಿಡಿದಿಟ್ಟು ಆ ತಂತಿಯ ವೋಲ್ಟೇಜ್ ಅಳೆದರೆ ನಿಮಿಷದಲ್ಲಿ ಬಯಲಾಗುವ ಸಂಗತಿಯಿದು.

ವೋಲ್ಟೇಜ್ ಇಷ್ಟು ಮುಖ್ಯವಾಗಲು ಇಂಜೆಕ್ಟರಿನ ಸ್ವಭಾವವೇ ಕಾರಣ. ಇಂಜೆಕ್ಟರ್ ಎಂಬುದು ವಿದ್ಯುತ್ ಅಯಸ್ಕಾಂತದಿಂದ ತೆರೆಯುವ ಒಂದು ಕಿರು ಕವಾಟ. ಅದಕ್ಕೆ 12 ವೋಲ್ಟ್ ಸದಾ ತಲುಪುತ್ತಿರುತ್ತದೆ, ಕಂಪ್ಯೂಟರ್ ಅದರ ಇನ್ನೊಂದು ತುದಿಯನ್ನು ಅರ್ತ್‌ಗೆ ಮುಟ್ಟಿಸಿದಾಗ ಕವಾಟ ತೆರೆಯುತ್ತದೆ. ಆದರೆ ಕರೆಂಟು ಹರಿದೊಡನೆ ತೆರೆಯುವುದಿಲ್ಲ. ಅಯಸ್ಕಾಂತಕ್ಕೆ ಬಲ ಬರಲು ಮಿಲಿಸೆಕೆಂಡಿನ ಆಸುಪಾಸಿನ ಹೊತ್ತು ಬೇಕು, ವೋಲ್ಟೇಜ್ ಇಳಿದಷ್ಟೂ ಆ ಹೊತ್ತು ಹಿಗ್ಗುತ್ತದೆ. ಐಡಲ್‌ನಲ್ಲಿ ಇಡೀ ಚಿಮ್ಮುವಿಕೆಯೇ ಎರಡು ಮೂರು ಮಿಲಿಸೆಕೆಂಡಿನದು, ಆದ್ದರಿಂದ ಈ ವಿಳಂಬ ಸಣ್ಣ ವಿಷಯವಲ್ಲ. ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ ಇದಕ್ಕೆ ಪರಿಹಾರವಾಗಿ ಒಂದು ಕೋಷ್ಟಕವಿದೆ. ವೋಲ್ಟೇಜ್ ಇಷ್ಟಿದ್ದರೆ ಇಷ್ಟು ಹೆಚ್ಚು ಹೊತ್ತು ತೆರೆ ಎಂದು ಅದು ಲೆಕ್ಕ ಕೊಡುತ್ತದೆ. ಆದರೆ ಕಂಪ್ಯೂಟರ್ ಅಳೆಯುವುದು ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು, ಇಂಜೆಕ್ಟರಿನ ಬಾಗಿಲಿನದನ್ನಲ್ಲ. ಎರಡಕ್ಕೂ ಬೇರೆ ಬೇರೆ ಕಡೆಯಿಂದ ಕರೆಂಟು ಕೊಟ್ಟು, ಇಂಜೆಕ್ಟರಿನ ಕಡೆ ಒಂದು ಸಡಿಲ ಜಾಯಿಂಟಿನಲ್ಲಿ ಎರಡು ವೋಲ್ಟ್ ಕಳೆದುಹೋದರೆ ಲೆಕ್ಕ ತಪ್ಪಿ, ಎಂಜಿನ್ನಿಗೆ ಪೆಟ್ರೋಲ್ ಸಾಲದಾಗುತ್ತದೆ. ಎರಡು ವೋಲ್ಟ್ ಕಳೆಯಲು ದೊಡ್ಡ ದೋಷವೇನೂ ಬೇಕಿಲ್ಲ: 8 ಆಂಪಿಯರ್ ಹರಿಯುವಲ್ಲಿ ಕಾಲು ಓಮ್ ಅಡ್ಡಿ ಸಾಕು, ಮತ್ತು ಹಸಿರು ಕಿಲುಬು ಹಿಡಿದ ಒಂದು ಜೋಡಣೆ ಅಷ್ಟನ್ನು ಧಾರಾಳವಾಗಿ ಒದಗಿಸುತ್ತದೆ.

ಅರ್ತ್‌ನ ಪ್ರಕರಣ ಇನ್ನೂ ಸ್ವಾರಸ್ಯದ್ದು. ಗಾಡಿಯ ಮೈಯೆಲ್ಲ ಕಬ್ಬಿಣ, ಎಲ್ಲಿ ಸ್ಕ್ರೂ ಹಾಕಿದರೂ ಅರ್ತ್ ಸಿಕ್ಕೀತು ಎಂಬುದು ರೂಢಿಯ ನಂಬಿಕೆ. ಸಿ-10ರಲ್ಲಿ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಕ್ಯಾಬಿನ್ ಚಾಸಿಯ ಮೇಲೆ ಕೂತಿರುವುದೂ ರಬ್ಬರಿನ ಮೇಲೆ; ಅವನ್ನು ವಿದ್ಯುತ್ತಿನ ದೃಷ್ಟಿಯಿಂದ ಒಂದುಗೂಡಿಸುವುದು ಕಾರ್ಖಾನೆಯವರು ಹಾಕಿದ್ದ ತೆಳುವಾದ ಹೆಣೆದ ಪಟ್ಟಿ. ಐವತ್ತು ವರ್ಷದ ಮೇಲೆ ಅದು ಇದ್ದರೆ ತುಕ್ಕು ಹಿಡಿದಿರುತ್ತದೆ, ಹೊಸದಾಗಿ ಬಣ್ಣ ಬಳಿಸಿದ ಗಾಡಿಯಾದರೆ ಬಣ್ಣದ ಮೇಲೆ ಕೂತಿರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ. ಹೊಳೆಯುವ ಬಣ್ಣದ, ಪುಡಿಲೇಪನದ ಚಾಸಿಯ ದುಬಾರಿ ಗಾಡಿಗಳಿಗೇ ಈ ರೋಗ ಹೆಚ್ಚು ಅಂಟುವುದು ಒಂದು ವಿಪರ್ಯಾಸ. ಆಕ್ಸಿಜನ್ ಸೆನ್ಸರ್, ಅಂದರೆ ಸೈಲೆನ್ಸರ್ ಪೈಪಿನಲ್ಲಿ ಕೂತು ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುವ ಸಾಧನ, ಕೊಡುವ ಸಂಕೇತ ಒಟ್ಟು 0.1ರಿಂದ 0.9 ವೋಲ್ಟಿನೊಳಗೆ, ಸುಮಾರು 0.45ರಲ್ಲಿ ಮಿಶ್ರಣ ಸರಿಯಾಗಿದೆ ಎಂದರ್ಥ. ಅದರ ಅರ್ತ್‌ನಲ್ಲಿ 0.2 ವೋಲ್ಟಿನ ಏರುಪೇರಾದರೆ ಸಂಕೇತವೇ ಬುಡಮೇಲು. ನೀರಿನ ಬಿಸಿ ಅಳೆಯುವ ಸೆನ್ಸರಿನ ಕತೆಯೂ ಹೀಗೆಯೇ. ಜನರಲ್ ಮೋಟರ್ಸಿನ ಆ ಸೆನ್ಸರಿನ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಸುಮಾರು 3,520 ಓಮ್, 100 ಡಿಗ್ರಿಯಲ್ಲಿ ಕೇವಲ 177 ಓಮ್. ಕಾರ್ಖಾನೆಯವರು ಸೆನ್ಸರಿನ ಅರ್ತ್ ತಂತಿಯನ್ನು ಪ್ರತ್ಯೇಕವಾಗಿ ಕಂಪ್ಯೂಟರಿನ ತನಕ ಮರಳಿ ಒಯ್ದಿರುವುದು ತಂತಿ ಹೆಚ್ಚಾಗಿತ್ತೆಂದಲ್ಲ. ಉಳಿತಾಯಕ್ಕೆಂದು ಅದನ್ನು ಕತ್ತರಿಸಿ ಪಕ್ಕದ ಬೋಲ್ಟಿಗೆ ಕಟ್ಟಿದರೆ, ಎಂಜಿನ್ನಿಗೂ ಕಂಪ್ಯೂಟರಿಗೂ ನಡುವಿನ ಅರ್ತ್‌ನಲ್ಲಿ ಕಳೆದ ವೋಲ್ಟೇಜ್ ಸಂಕೇತದ ಮೇಲೆ ಕೂಡಿಕೊಂಡು, ಬಿಸಿಯಾದ ಎಂಜಿನ್ ತಣ್ಣಗಿದೆಯೆಂದು ಕಂಪ್ಯೂಟರ್ ತಿಳಿದು, ಬೇಡದ ಪೆಟ್ರೋಲನ್ನು ಸುರಿಯುತ್ತದೆ. ಪ್ಲಗ್ಗುಗಳು ಮಸಿ ಹಿಡಿಯುತ್ತವೆ, ಮಾಲೀಕ ಕಂಪ್ಯೂಟರಿಗೆ ಬುದ್ಧಿಯಿಲ್ಲ ಎನ್ನುತ್ತಾನೆ. ತನಗೆ ಬಂದ ಸುಳ್ಳು ಸುದ್ದಿಗೆ ಅದು ಸರಿಯಾಗಿಯೇ ನಡೆದುಕೊಂಡಿರುತ್ತದೆ.

ಅರ್ತ್ ಚೆನ್ನಾಗಿದೆ, ಓಮ್ ಮೀಟರಿನಲ್ಲಿ ನೋಡಿಯಾಯಿತು, ಸೊನ್ನೆ ತೋರಿಸಿತು ಎನ್ನುವವರಿಗೂ ಉತ್ತರವಿದೆ. ಇಪ್ಪತ್ತು ಎಳೆಗಳ ತಂತಿಯಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸುತ್ತದೆ, ಏಕೆಂದರೆ ಅದು ಹರಿಸುವ ಕರೆಂಟು ಒಂದು ಎಳೆಗೆ ಏನೇನೂ ಅಲ್ಲ. ಸರಿಯಾದ ಪರೀಕ್ಷೆ ಭಾರ ಹೇರಿ ಮಾಡುವಂಥದ್ದು: ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಕಂಪ್ಯೂಟರಿನ ಅರ್ತ್ ಪಿನ್ನಿಗೂ ಮುಟ್ಟಿಸಿ, ಪಂಪು, ಫ್ಯಾನು, ದೀಪ ಎಲ್ಲವನ್ನೂ ಹಾಕಿ ನೋಡಬೇಕು. ಅಲ್ಲಿ 0.1 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಸೋತಿದೆ. ಈ ಪರೀಕ್ಷೆಯನ್ನು ಮಾಡದೆ ಕಂಪ್ಯೂಟರನ್ನು ಬದಲಿಸಿದವರಿಗೆ ಹೊಸ ಕಂಪ್ಯೂಟರೂ ಹಳೆಯದರಂತೆಯೇ ನಡೆದುಕೊಂಡಾಗ, ಈ ಕಂಪನಿಯ ಕಂಪ್ಯೂಟರುಗಳೆಲ್ಲ ಕೆಟ್ಟವು ಎಂಬ ಇನ್ನೊಂದು ತೀರ್ಮಾನ ಸಿದ್ಧವಾಗುತ್ತದೆ.

ಹಳೆಯ ಎಂಜಿನ್ನನ್ನೇ ಉಳಿಸಿಕೊಂಡು ಕಾರ್ಬೊರೇಟರಿನ ಜಾಗಕ್ಕೆ ಥ್ರಾಟಲ್ ಬಾಡಿ ಕಿಟ್ ಕೂರಿಸುವವರ ದಾರಿಯಲ್ಲಿ ಮತ್ತೊಂದು ತೊಡಕಿದೆ, ಮತ್ತು ಇಲ್ಲಿ ಕಿಟ್ ಮಾರುವವರೂ ದೋಷಮುಕ್ತರಲ್ಲ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದನ್ನು ಇಂಥ ಕಿಟ್ಟುಗಳು ಅನೇಕ ವೇಳೆ ಕಾಯಿಲಿನ ಮೈನಸ್ಸಿನಿಂದ ತಿಳಿಯುತ್ತವೆ. ಕಿಡಿ ಹಾರುವಾಗಲೆಲ್ಲ ಆ ಬಿಂದುವಿನಲ್ಲಿ ನೂರಾರು ವೋಲ್ಟುಗಳು ಜಿಗಿಯುತ್ತವೆ. ತಾಮ್ರದ ಗಟ್ಟಿ ಎಳೆಯ ಹಳೆಯ ಪ್ಲಗ್ ವೈರುಗಳು ಸಣ್ಣ ರೇಡಿಯೋ ಕೇಂದ್ರದಂತೆ ಗದ್ದಲ ಹರಡುತ್ತಿರುವಾಗ ಅವುಗಳ ಪಕ್ಕದಲ್ಲೇ ಸೆನ್ಸರ್ ತಂತಿಗಳನ್ನು ಕಟ್ಟಿದರೆ ಕಂಪ್ಯೂಟರಿಗೆ ಇಲ್ಲದ ಸುತ್ತುಗಳು ಕೇಳಿಸುತ್ತವೆ. ರೆಸಿಸ್ಟರ್ ಪ್ಲಗ್ ವೈರು ಹಾಕುವುದು, ಸಂಕೇತದ ತಂತಿಗಳನ್ನು ಪ್ಲಗ್ ವೈರುಗಳಿಂದ ದೂರ ಒಯ್ಯುವುದು, ಶೀಲ್ಡ್ ಹೊದಿಕೆಯನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡುವುದು, ಪ್ಲಸ್ ಮೈನಸ್ ಎರಡನ್ನೂ ನೇರ ಬ್ಯಾಟರಿಗೇ ತರುವುದು ಇವೆಲ್ಲ ಕಿಟ್ಟಿನ ಪುಸ್ತಕದಲ್ಲೇ ಇರುತ್ತವೆ. ಆದರೆ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರುವುದು ತಾನೇ ಕಲಿಯುತ್ತದೆ, ಒಂದು ಮಧ್ಯಾಹ್ನದ ಕೆಲಸ ಎಂಬ ಭರವಸೆ. ತಾನೇ ಕಲಿಯುವ ಕಂಪ್ಯೂಟರ್ ತಪ್ಪು ಸಂಕೇತದಿಂದ ತಪ್ಪನ್ನೇ ಕಲಿಯುತ್ತದೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಕಾರ್ಬೊರೇಟರ್ ಪಕ್ಷದ ಗಟ್ಟಿ ವಾದಗಳನ್ನೂ ಎದುರಿಸಬೇಕು. ಕಾರ್ಬೊರೇಟರನ್ನು ರಸ್ತೆ ಬದಿಯಲ್ಲಿ ಬಿಚ್ಚಿ ಜೆಟ್ ಊದಿ ಸರಿಮಾಡಬಹುದು ಎನ್ನುತ್ತಾರೆ. ನಿಜ, ಆದರೆ ರಸ್ತೆ ಬದಿಯಲ್ಲಿ ಅದನ್ನು ಬಿಚ್ಚುವ ಅಗತ್ಯ ಎಷ್ಟು ಸಲ ಬೀಳುತ್ತದೆ ಎಂಬುದೂ ಆ ವಾದದ ಒಳಗೇ ಇದೆ. ಎತ್ತರದ ಕೊಲೊರಾಡೊಗೆ ಹೋದಾಗ ಮಿಶ್ರಣ ದಪ್ಪವಾಗುವುದು, ಬೇಸಿಗೆಯಲ್ಲಿ ಎಥೆನಾಲ್ ಬೆರೆತ ಪೆಟ್ರೋಲ್ ಬಟ್ಟಲಿನಲ್ಲೇ ಕುದಿದು ಎಂಜಿನ್ ಹತ್ತದಿರುವುದು ಅಭ್ಯಾಸಬಲದಿಂದ ದೋಷವೆಂದು ಎಣಿಕೆಗೇ ಬರುವುದಿಲ್ಲ. ಇಂಜೆಕ್ಷನ್ ಕೆಟ್ಟರೆ ಕಾರಣ ಕಾಣದು ಎಂಬುದಂತೂ 1996ರ ನಂತರ ನಿಲ್ಲದ ಮಾತು. ಆ ವರ್ಷದಿಂದ ಅಮೆರಿಕದ ಎಲ್ಲ ಕಾರು ಮತ್ತು ಲಘು ಟ್ರಕ್ಕುಗಳಿಗೆ ಒಬಿಡಿ-2, ಅಂದರೆ 16 ಪಿನ್ನಿನ ಒಂದೇ ಬಗೆಯ ತಪಾಸಣಾ ಸಾಕೆಟ್ಟು, ಕಡ್ಡಾಯವಾಯಿತು. ಹಳೆಯ ಗಾಡಿಗೆ ಎಂಜಿನ್ ತರುವಾಗ ಆ ಸಾಕೆಟ್ಟನ್ನೂ ಡ್ಯಾಶ್‌ಬೋರ್ಡಿನಡಿ ಕೂರಿಸಿಕೊಂಡರೆ, ಅಗ್ಗದ ರೀಡರ್ ಒಂದು ಪಿ0335 ಎಂಬ ದೋಷಸಂಕೇತ ತೋರಿಸಿ ಕ್ರ್ಯಾಂಕ್ ಸೆನ್ಸರಿನ, ಅಂದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರಿನ, ಸರ್ಕಿಟ್ ನೋಡು ಎನ್ನುತ್ತದೆ, ಪಿ0562 ಎಂದು ತೋರಿಸಿ ವೋಲ್ಟೇಜ್ ಸಾಲದು ಎನ್ನುತ್ತದೆ. ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ಎಂಜಿನ್ ಒಮ್ಮೆಲೇ ನಿಲ್ಲುತ್ತದೆಂಬುದನ್ನು ಒಪ್ಪಬೇಕು, ಮುನ್ಸೂಚನೆ ಇರದು. ಅದೊಂದನ್ನು ಗ್ಲೋವ್ ಬಾಕ್ಸಿನಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು, ಹಿಂದಿನವರು ಪಾಯಿಂಟು, ಕಂಡೆನ್ಸರ್ ಇಟ್ಟುಕೊಳ್ಳುತ್ತಿದ್ದುದಕ್ಕಿಂತ ಹೆಚ್ಚಿನ ಹೊರೆಯಲ್ಲ. ಹತ್ತಿದ ಎರಡು ಸೆಕೆಂಡಿಗೆ ಎಂಜಿನ್ ಆರಿಹೋಗುವುದನ್ನು ಕಂಡು ಹಳೆಯ ಗಾಡಿಗೂ ಕಂಪ್ಯೂಟರಿಗೂ ಕೂಡಿಬರದು ಎನ್ನುವವರಿದ್ದಾರೆ. ಅದು ಕಳ್ಳತನ ತಡೆಯುವ ವ್ಯವಸ್ಥೆ ಮೂಲ ಗಾಡಿಯ ಕೀಯನ್ನು ಹುಡುಕುತ್ತಿರುವುದು, ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆದರೆ ಮುಗಿಯಿತು.

ಬೆಂಕಿಯ ಭಯವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. 1972ರವರೆಗಿನ ಸಿ-10ರಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೆ. 58 ಪೌಂಡು ಒತ್ತಡದ ಪೈಪನ್ನು ಅಲ್ಲಿಂದ ಹೊರಡಿಸುವ ಬದಲು ಟ್ಯಾಂಕನ್ನೇ ತೊಟ್ಟಿಯ ಅಡಿಗೆ ಸಾಗಿಸುವುದು ವಿವೇಕ, ಮತ್ತು ಕಾರ್ಬೊರೇಟರಿಗೆ ಹಾಕುವ 30ಆರ್7 ಗುರುತಿನ ರಬ್ಬರ್ ಪೈಪನ್ನು ಇಲ್ಲಿ ಹಾಕುವುದು ಅಪರಾಧಕ್ಕೆ ಸಮ. ಇಂಜೆಕ್ಷನ್ನಿಗೆಂದೇ ಇರುವ 30ಆರ್9 ಪೈಪು ಬೇಕು. ಆದರೆ ಇಲ್ಲಿಯೂ ಅಪಾಯವನ್ನು ಹೆಚ್ಚಿಸುವವನು ಕಂಪ್ಯೂಟರನ್ನು ನಂಬದ ಮನುಷ್ಯನೇ. ಕೀ ಹಾಕಿದಾಗ ಕಂಪ್ಯೂಟರ್ ಪಂಪನ್ನು ಎರಡು ಸೆಕೆಂಡು ಮಾತ್ರ ಓಡಿಸಿ ನಿಲ್ಲಿಸುತ್ತದೆ, ಎಂಜಿನ್ ತಿರುಗುವ ಸಂಕೇತ ಬಂದರೆ ಮಾತ್ರ ಮುಂದುವರಿಸುತ್ತದೆ. ಅಪಘಾತವಾಗಿ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ರಿಲೇ ನಂಬಿಕೆಗೆ ಯೋಗ್ಯವಲ್ಲವೆಂದು ಪಂಪನ್ನು ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚಿಗೆ ನೇರವಾಗಿ ಕಟ್ಟಿಕೊಂಡವನ ಗಾಡಿ ಮಗುಚಿ ಬಿದ್ದರೂ ಪಂಪು ಒಡೆದ ಪೈಪಿನಿಂದ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ.

ಊರಿನ ಮೆಕ್ಯಾನಿಕ್ಕಿಗೆ ಇಂಥ ಗಾಡಿ ಅರ್ಥವಾಗುವುದಿಲ್ಲ ಎಂಬುದು ಕೊನೆಯ ಆಕ್ಷೇಪ, ಮತ್ತು ಇದ್ದುದರಲ್ಲಿ ಹೆಚ್ಚು ತೂಕದ್ದು. 1970ರ ಗಾಡಿಯ ಕಾರ್ಖಾನೆ ನಕ್ಷೆ ಸಿಗುತ್ತದೆ, 1999ರ ಎಂಜಿನ್ನಿನ ನಕ್ಷೆಯೂ ಸಿಗುತ್ತದೆ, ಇವೆರಡನ್ನು ಸೇರಿಸಿದ ಜಾಗದ ನಕ್ಷೆ ಎಲ್ಲೂ ಇಲ್ಲ. ಅದು ಜೋಡಿಸಿದವನ ತಲೆಯಲ್ಲಿದೆ, ಅವನು ಗಾಡಿ ಮಾರಿದ ದಿನ ಅದು ಕಳೆದುಹೋಗುತ್ತದೆ. ಎಲ್ಲ ತಂತಿಗಳನ್ನೂ ಕೈಗೆ ಸಿಕ್ಕ ಒಂದೇ ಕೆಂಪು ಬಣ್ಣದಲ್ಲಿ ಎಳೆದು, ಫ್ಯೂಸನ್ನು ಕಾರ್ಪೆಟ್ಟಿನಡಿ ಹುದುಗಿಸಿದ ಗಾಡಿ ಎದುರು ಬಂದಾಗ ಮೆಕ್ಯಾನಿಕ್ಕು ಕೈಚೆಲ್ಲಿ, ಕಾರ್ಬೊರೇಟರ್ ಹಾಕಿಸಿಕೊಳ್ಳಿ ಎಂದರೆ ಅವನನ್ನು ದೂರುವಂತಿಲ್ಲ. ಆದರೆ ಅದಕ್ಕೆ ಬೇಕಾದದ್ದು ಇಂಜೆಕ್ಷನ್ನನ್ನು ಕಿತ್ತೆಸೆಯುವುದಲ್ಲ. ಫ್ಯೂಸು ಮತ್ತು ರಿಲೇಗಳನ್ನು ಬಾನೆಟ್ಟಿನಡಿ ಒಂದೇ ಮುಚ್ಚಳದ ಪೆಟ್ಟಿಗೆಗೆ ತಂದು, ಗಾಡಿಯ ಮೂಲ ವೈರಿಂಗನ್ನು ಕತ್ತರಿಸದೆ ಬಿಟ್ಟು, ಹೊಸ ತಂತಿಗಳಿಗೆ ಜನರಲ್ ಮೋಟರ್ಸಿನವರು ಬಳಸಿದ ಬಣ್ಣಗಳನ್ನೇ ಉಳಿಸಿಕೊಂಡು, ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ, ಯಾವ ಬೋಲ್ಟಿನಲ್ಲಿ ಅರ್ತ್ ಆಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದರೆ, 1999ರ ಸಿಲ್ವರಾಡೊ ರಿಪೇರಿ ಮಾಡಬಲ್ಲ ಯಾವ ಮೆಕ್ಯಾನಿಕ್ಕೂ ಆ ಸಿ-10ನ್ನು ರಿಪೇರಿ ಮಾಡಬಲ್ಲ. ಅಂಥ ಮೆಕ್ಯಾನಿಕ್ಕುಗಳು ಅಲ್ಲಿ ಪ್ರತಿ ಊರಿನಲ್ಲೂ ಇದ್ದಾರೆ. ಕಾರ್ಬೊರೇಟರನ್ನು ಕಿವಿಯಲ್ಲಿ ಕೇಳಿಯೇ ಸರಿಗೊಳಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.